ವಾಣಿಜ್ಯ ಜಾಲತಾಣಗಳ ನವೀಕರಣ: ಮಂಗಳೂರನ್ನು ಕುರಿತ ಒಂದು ವಿವೇಚನೆ

೧

ಹಂಪನಕಟ್ಟೆಯ ಬಟ್ಟೆಯಂಗಡಿಯಿಂದ ಹಿಡಿದು ಬೈಕಂಪಾಡಿಯ ಕೈಗಾರಿಕೆಯವರೆಗೆ ಮಂಗಳೂರಿನ ಅನೇಕ ವ್ಯಾಪಾರ ಸಂಸ್ಥೆಗಳು ಇಂದು ಅಂತರಜಾಲದಲ್ಲಿ ತಮ್ಮದೊಂದು ತಾಣವನ್ನು ಹೊಂದಿವೆ. ತಾಣವನ್ನು ಕಟ್ಟುವುದು ಕಷ್ಟದ ಕೆಲಸವಲ್ಲ; ಗಿರಾಕಿಯು ಗೂಗಲ್ ಮೊದಲಾದ ಶೋಧಯಂತ್ರಗಳಲ್ಲಿ ವಸ್ತುವಿನ ಹೆಸರನ್ನು ಬರೆದು ಹುಡುಕಿದಾಗ ತಮ್ಮ ತಾಣವು ಮೊದಲ ಪುಟದಲ್ಲಿ ಕಾಣಿಸಬೇಕೆಂಬುದೇ ವ್ಯಾಪಾರಿಗಳ ಚಿಂತೆ. ಇದಕ್ಕೆ ಪರಿಹಾರವಾಗಿ ಅವರಿಗೆ ಸಾಮಾನ್ಯವಾಗಿ ದೊರೆಯುವ ಉಪದೇಶವು ಒಂದೇ: “ಹೊಸ ಬರಹವನ್ನು ಹಾಕುತ್ತಲೇ ಇರಿ.” ತಿಂಗಳಿಗಿಷ್ಟು ಬರಹ, ಅದಕ್ಕಿಷ್ಟು ಹಣ ಎಂಬ ಲೆಕ್ಕದಲ್ಲಿ ಈ ಕಾರ್ಯವನ್ನು ಒಪ್ಪಿಕೊಳ್ಳುವವರೂ ಇದ್ದಾರೆ.

ಈ ಉಪದೇಶದಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯಕ್ಕೆ ಏನು ಪ್ರಸಕ್ತಿ ಎಂದು ವಾಚಕರು ಕೇಳಬಹುದು. ಬರಹವೊಂದರ ಕಾಲವನ್ನು ನಿರ್ಣಯಿಸುವುದು, ಅದರಲ್ಲಿ ಹಳೆಯದಾವುದು ಹೊಸದಾವುದು ಎಂದು ವಿಂಗಡಿಸುವುದು, ಅದು ಯಾವ ಮಟ್ಟಿಗೆ ನಂಬಲರ್ಹವೆಂದು ತೂಗಿನೋಡುವುದು ಇತಿಹಾಸಕಾರನ ನಿತ್ಯಕರ್ಮ. ಶೋಧಯಂತ್ರವು ಮಾಡಲೆಳಸುವ ಕಾರ್ಯವೂ ಬಹುಮಟ್ಟಿಗೆ ಇದೇ ಆಗಿರುವುದರಿಂದ ನಮ್ಮ ಶಾಸ್ತ್ರದ ಕ್ರಮವು ಇಲ್ಲಿ ಉಪಯೋಗಕ್ಕೆ ಬರುತ್ತದೆ.

೨

ನಿಯತಕಾಲಕ್ಕೆ ಹೊಸ ವಿಷಯವನ್ನು ಜನರಿಗೆ ಒದಗಿಸುವ ಪದ್ಧತಿಯು ಮಂಗಳೂರಿಗೆ ಹೊಸದಲ್ಲ. ೧೮೩೪ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ವು ಹೊರಬಂದಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪರಿಗಣಿತವಾಗಿರುವ ಇದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಪಾಕ್ಷಿಕ. ಮರುವರ್ಷವೇ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿತು.

ಪತ್ರಿಕೆಗೂ ಜಾಲತಾಣಕ್ಕೂ ಇರುವ ಒಂದು ಮುಖ್ಯವಾದ ವ್ಯತ್ಯಾಸವನ್ನು ಇಲ್ಲಿಯೇ ಗಮನಿಸಬೇಕು. ಪತ್ರಿಕೆಯ ಹೊಸ ಸಂಚಿಕೆ ಬಂದಾಗ ಹಳೆಯದು ಅಳಿಯುವುದಿಲ್ಲ. ತನ್ನ ತಾರೀಖನ್ನು ಹೊತ್ತು ಯಾವುದೋ ಪೆಟ್ಟಿಗೆಯಲ್ಲಿ ಉಳಿದುಕೊಳ್ಳುತ್ತದೆ. ಜಾಲತಾಣದ ಪುಟವಾದರೋ ಸ್ಲೇಟಿನಂತೆ. ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಒರಸಬೇಕು. ಒರಸಿದ್ದರ ಗುರುತು ಓದುಗನಿಗೆ ಕಾಣುವುದಿಲ್ಲ. ಇದರಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ: ಪುಟವನ್ನು ಯಾವಾಗ ತಿದ್ದಬೇಕು? ತಿದ್ದಿದಾಗ ಹಳೆಯದನ್ನು ಏನು ಮಾಡಬೇಕು?

೩

ಮೊದಲನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಶೋಧಯಂತ್ರದ ಕ್ರಿಯಾವಿಧಾನವನ್ನು ಸ್ಥೂಲವಾಗಿ ತಿಳಿದಿರಬೇಕು. ಅದರಲ್ಲಿ ಮೂರು ಹಂತಗಳುಂಟು. ಮೊದಲನೆಯದು ಸಂಚಾರ. ‘ಕ್ರಾಲರ್’ ಎಂದು ಕರೆಯಲ್ಪಡುವ ತಂತ್ರಾಂಶವು ಒಂದು ಪುಟದಿಂದ ಮತ್ತೊಂದಕ್ಕೆ ಕೊಂಡಿಗಳನ್ನು ಹಿಡಿದು ಸಾಗುತ್ತ ಪುಟಗಳ ಪ್ರತಿಗಳನ್ನು ತರುತ್ತದೆ. ಎರಡನೆಯದು ಸೂಚೀಕರಣ. ಗ್ರಂಥದ ಕೊನೆಯಲ್ಲಿ ಅಕಾರಾದಿ ಸೂಚಿಯನ್ನು ಕೊಡುವಂತೆ, ಯಾವ ಪದ ಯಾವ ಪುಟದಲ್ಲಿದೆಯೆಂದು ಯಂತ್ರವು ಗುರುತಿಸಿಟ್ಟುಕೊಳ್ಳುತ್ತದೆ. ಮೂರನೆಯದು ಶ್ರೇಣೀಕರಣ, ಎಂದರೆ ಪ್ರಶ್ನೆಗೆ ಹೊಂದುವ ಪುಟಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ತೀರ್ಮಾನ. ೧೯೯೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ವಿದ್ಯಾರ್ಥಿಗಳು ಪ್ರಕಟಿಸಿದ ಕ್ರಮದಲ್ಲಿ, ಒಂದು ಪುಟದ ಕಡೆಗೆ ಬೇರೆ ಪುಟಗಳಿಂದ ಬರುವ ಕೊಂಡಿಗಳೇ ಅದರ ಮಹತ್ತ್ವಕ್ಕೆ ಮುಖ್ಯ ಪ್ರಮಾಣ. ಅಲ್ಲಿಂದೀಚೆಗೆ ಇನ್ನೂ ಅನೇಕ ಪ್ರಮಾಣಗಳು ಸೇರಿಕೊಂಡಿವೆ.

ಜನರಲ್ಲಿರುವ ಭ್ರಮೆಯ ಮೂಲವು ಮೊದಲನೆಯ ಹಂತವನ್ನೂ ಮೂರನೆಯದನ್ನೂ ಒಂದೇ ಎಂದು ತಿಳಿಯುವುದರಲ್ಲಿದೆ. ಆಗಾಗ ಬದಲಾಗುವ ಪುಟಕ್ಕೆ ಸಂಚಾರಿ ತಂತ್ರಾಂಶವು ಆಗಾಗ ಬರುತ್ತದೆಂಬುದು ನಿಜ. ಆದರೆ ಹೆಚ್ಚು ಸಲ ಬಂದುಹೋದ ಮಾತ್ರಕ್ಕೆ ಅದು ಮೇಲಿನ ಸ್ಥಾನವನ್ನು ಕೊಡಲೇಬೇಕೆಂದಿಲ್ಲ. ಅಂಚೆಯವನು ದಿನವೂ ಬರುವ ಮನೆಯ ಯಜಮಾನನು ಊರಿಗೆ ದೊಡ್ಡವನೆಂದು ಹೇಳಲಾದೀತೆ?

ಹಾಗಾದರೆ ಹೊಸತನಕ್ಕೆ ಬೆಲೆಯೇ ಇಲ್ಲವೇ ಎಂದರೆ, ಉಂಟು. ಆದರೆ ಅದು ಪ್ರಶ್ನೆಯ ಸ್ವಭಾವವನ್ನು ಅವಲಂಬಿಸಿದೆ. ೨೦೧೧ರ ನವೆಂಬರಿನಲ್ಲಿ ಗೂಗಲ್ ಸಂಸ್ಥೆಯು ಮೂರು ಬಗೆಯ ಪ್ರಶ್ನೆಗಳಿಗೆ ಹೊಸ ಪುಟಗಳನ್ನು ಮುಂದಿಡುವ ವ್ಯವಸ್ಥೆಯನ್ನು ಪ್ರಕಟಿಸಿತು: ಇದೀಗ ನಡೆದ ಘಟನೆಗಳು, ನಿಯತವಾಗಿ ಮರಳಿ ಬರುವ ಸಂದರ್ಭಗಳು, ಮತ್ತು ಪದೇ ಪದೇ ಬದಲಾಗುವ ವಸ್ತುವಿವರಗಳು. ಉದಾಹರಣೆಗೆ, ಕುದ್ರೋಳಿಯ ದಸರಾ ಮೆರವಣಿಗೆ ಎಂದು ಎಂದು ಕೇಳುವವನಿಗೆ ಈ ವರ್ಷದ ಪುಟವೇ ಬೇಕು. ಹೋದ ವರ್ಷದ್ದು ಅವನನ್ನು ದಾರಿ ತಪ್ಪಿಸುತ್ತದೆ. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿರುವ ಶಾಸನದ ಕಾಲವನ್ನು ಕೇಳುವವನಿಗಾದರೋ ಕ್ರಿ.ಶ. ೯೬೮, ಆಳುಪ ಕುಂದವರ್ಮನ ಆಳ್ವಿಕೆ ಎಂಬ ಉತ್ತರವು ಹತ್ತು ವರ್ಷಗಳ ಹಿಂದೆ ಬರೆದ ಪುಟದಲ್ಲಿದ್ದರೂ ಸಾಕು. ಅದನ್ನು ವಾರಕ್ಕೊಮ್ಮೆ ತಿರುವಿ ಬರೆದರೆ ಶಾಸನವು ಹೊಸದಾಗುವುದಿಲ್ಲ.

೪

ಇಲ್ಲಿ ಮಂಗಳೂರಿನವರಿಗೆ ಚಿರಪರಿಚಿತವಾದ ಒಂದು ವಸ್ತುವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಪ್ರಾರಂಭವಾಯಿತು. ಅಲ್ಲಿಯ ಹಂಚುಗಳ ಮೇಲೆ ‘೧೮೬೫’ ಎಂಬ ಅಂಕೆ ಅಚ್ಚಾಗಿರುವುದುಂಟು. ಹಳೆಯ ಮನೆಯ ಮಾಡಿನಿಂದ ಇಳಿಸಿದ ಇಂಥ ಹಂಚನ್ನು ಕಂಡವರು ಅದು ಆ ವರ್ಷವೇ ಸುಟ್ಟ ಹಂಚೆಂದು ಭಾವಿಸುವುದು ಸಹಜ. ಆದರೆ ಅದು ಕಾರ್ಖಾನೆಯ ಸ್ಥಾಪನೆಯ ವರ್ಷ. ಅಂಕೆಯು ಸುಳ್ಳಲ್ಲ, ಅದು ಏನನ್ನು ಹೇಳುತ್ತದೆಂಬುದನ್ನು ನಾವು ತಿಳಿಯಬೇಕಾಗುತ್ತದೆ.

ಜಾಲಪುಟದ ಮೇಲಿನ ತಾರೀಖೂ ಹಾಗೆಯೇ. ಅದು ಪುಟವನ್ನು ಮೊದಲು ಬರೆದ ದಿನವೋ, ಒಂದು ಅಕ್ಷರವನ್ನು ತಿದ್ದಿದ ದಿನವೋ, ಒಳಗಿನ ವಿಷಯವನ್ನೆಲ್ಲ ಪರಿಶೀಲಿಸಿದ ದಿನವೋ? ಕೆಲವರು ಬರಹವನ್ನು ಮುಟ್ಟದೆ ತಾರೀಖನ್ನು ಮಾತ್ರ ಬದಲಾಯಿಸಿ ಹೊಸತನವನ್ನು ತೋರಿಸಲು ಯತ್ನಿಸುತ್ತಾರೆ. ಇದು ಕಳೆದ ವರ್ಷದ ಪಂಚಾಂಗಕ್ಕೆ ಹೊಸ ರಕ್ಷಾಪುಟವನ್ನು ಹಚ್ಚಿ ಬಿಸುವಿನ ದಿನ ಮಾರಿದಂತೆ. ಗೂಗಲ್ ಸಂಸ್ಥೆಯು ಬರಹಗಾರರಿಗೆ ಕೊಟ್ಟಿರುವ ಮಾರ್ಗದರ್ಶನದಲ್ಲಿ, ವಿಷಯವು ಗಣನೀಯವಾಗಿ ಬದಲಾಗದಿದ್ದರೂ ಪುಟವನ್ನು ಹೊಸದೆಂದು ತೋರಿಸಲು ತಾರೀಖನ್ನು ಬದಲಿಸುವುದನ್ನು ದೋಷಗಳ ಸಾಲಿಗೆ ಸೇರಿಸಿದೆ. ತಾಣದ ಪುಟಗಳ ಪಟ್ಟಿಯಲ್ಲಿ, ಅಂದರೆ ‘ಸೈಟ್‌ಮ್ಯಾಪ್’ನಲ್ಲಿ, ಕಾಣಿಸುವ ಕೊನೆಯ ತಿದ್ದುಪಡಿಯ ತಾರೀಖನ್ನು ಕೂಡ ಅದು ನಿಜವೆಂದು ಸತತವಾಗಿ ಕಂಡುಬಂದಲ್ಲಿ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಾಕ್ಷಿಯು ಹಲವು ಸಲ ಸುಳ್ಳಾಡಿದರೆ ಅವನ ನಿಜವನ್ನೂ ನಂಬದಿರುವ ನ್ಯಾಯ ಇದು.

೫

ಹಾಗಿದ್ದರೆ ಮಂಗಳೂರಿನ ವ್ಯಾಪಾರಿಯು ನಿಜವಾಗಿ ತಿದ್ದಬೇಕಾದುದೇನು? ಕಳೆದ ಕೆಲವು ವರ್ಷಗಳ ಇತಿಹಾಸವೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ೨೦೧೪ರ ನವೆಂಬರ್ ೧ರಂದು ನಗರದ ಹೆಸರಿನ ಇಂಗ್ಲಿಷ್ ರೂಪವು ‘ಮ್ಯಾಂಗಲೋರ್’ ಇದ್ದುದು ‘ಮಂಗಳೂರು’ ಎಂದಾಯಿತು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಹಳೆಯ ತೆರಿಗೆಯನ್ನು ಸೇರಿಸಿ ಬರೆದಿದ್ದ ಬೆಲೆಪಟ್ಟಿಗಳೆಲ್ಲ ಆ ದಿನವೇ ಹಳತಾದುವು. ೧೯೩೧ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದರ ಮರುವರ್ಷ ಅದೇ ದಿನ, ೧೯೦೬ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡಿದ್ದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಸೇರಿಹೋದುವು. ೨೦೨೧ರಲ್ಲಿ ಈ ಎರಡು ಬ್ಯಾಂಕುಗಳ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ರದ್ದಾದುವು. ಹಣ ಕಳುಹಿಸಬೇಕಾದ ಖಾತೆಯ ವಿವರವನ್ನು ತಾಣದಲ್ಲಿ ಪ್ರಕಟಿಸಿ ಮರೆತುಬಿಟ್ಟ ಅಂಗಡಿಕಾರನಿಗೆ ಇದರಿಂದ ಒದಗುವ ತೊಡಕು ಶ್ರೇಣಿಯಲ್ಲಿ ಕೆಳಗಿಳಿಯುವುದಕ್ಕಿಂತ ದೊಡ್ಡದು.

ಇವು ಒಮ್ಮೆ ನಡೆದು ಮುಗಿದ ಬದಲಾವಣೆಗಳು. ವರ್ಷವರ್ಷವೂ ಮರಳಿ ಬರುವವೂ ಉಂಟು. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಧಕ್ಕೆಯ ಮೀನಿನ ವ್ಯಾಪಾರಿಯ ತಾಣವು ಮಳೆಗಾಲದಲ್ಲಿಯೂ ಬೇಸಗೆಯ ಪಟ್ಟಿಯನ್ನೇ ತೋರಿಸುತ್ತಿದ್ದರೆ ದೂರದ ಗಿರಾಕಿಯು ಮೋಸಹೋಗುತ್ತಾನೆ. ಆದಕಾರಣ ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ವ್ಯವಹಾರಕ್ಕೆ ಒಪ್ಪುವಂತೆ ಒಂದು ಪಂಚಾಂಗವನ್ನು ಹಾಕಿಕೊಳ್ಳುವುದು ಲೇಸು: ದಿನವೂ ನೋಡಬೇಕಾದುದು ಸರಕಿನ ಲಭ್ಯತೆ, ತಿಂಗಳಿಗೊಮ್ಮೆ ಬೆಲೆ, ಋತುವಿಗೊಮ್ಮೆ ಕೆಲಸದ ವೇಳೆ ಮತ್ತು ಸಾಗಣೆ, ವರ್ಷಕ್ಕೊಮ್ಮೆ ವಿಳಾಸ, ತೆರಿಗೆ, ಬ್ಯಾಂಕಿನ ವಿವರ.

ಹೆಸರುಗಳ ವಿಷಯದಲ್ಲಿಯೂ ಒಂದು ಮಾತು. ಈ ಊರನ್ನು ತುಳುವರು ಕುಡ್ಲವೆಂದೂ, ಕೊಂಕಣಿಗರು ಕೊಡಿಯಾಲವೆಂದೂ, ಬ್ಯಾರಿಗಳು ಮೈಕಾಲವೆಂದೂ, ಮಲಯಾಳಿಗಳು ಮಂಗಲಾಪುರವೆಂದೂ ಕರೆಯುತ್ತಾರೆ. ಗಿರಾಕಿಯು ತನ್ನ ಬಾಯಿಗೆ ಬಂದ ಹೆಸರಿನಿಂದಲೇ ಹುಡುಕುತ್ತಾನೆ. ತಾಣದ ಬರಹದಲ್ಲಿ ಈ ಹೆಸರುಗಳು ಸಂದರ್ಭೋಚಿತವಾಗಿ ಬಂದರೆ ಅವನಿಗೆ ದಾರಿ ಸುಲಭವಾಗುತ್ತದೆ. ಸುಮ್ಮನೆ ಹೆಸರುಗಳ ರಾಶಿಯನ್ನು ಸುರಿದರೆ ಓದುಗನಿಗೆ ಜುಗುಪ್ಸೆ, ಯಂತ್ರಕ್ಕೆ ಸಂಶಯ.

ಹೊಸದಾಗಿ ಬರೆಯಲು ಏನಿದೆಯೆಂದು ಕೇಳುವವರು ತಮ್ಮ ಕಸುಬಿನ ಕಡೆಗೇ ತಿರುಗಬೇಕು. ಮಂಗಳೂರು ಹಂಚಿನ ವ್ಯಾಪಾರಿಗೆ ಮಾಡಿನ ಇಳಿಜಾರು ಎಷ್ಟಿರಬೇಕು, ಪಾಚಿ ಕಟ್ಟಿದರೆ ಹೇಗೆ ತೆಗೆಯಬೇಕು, ಒಡೆದ ಹಂಚನ್ನು ಮಳೆಗಾಲಕ್ಕೆ ಮುಂಚೆ ಹೇಗೆ ಬದಲಾಯಿಸಬೇಕು ಎಂಬುದು ಗೊತ್ತಿರುತ್ತದೆ. ಬೇರೆಲ್ಲಿಯೂ ಬರೆದಿಲ್ಲದ ಈ ತಿಳಿವಳಿಕೆಯನ್ನು ಬರೆದಾಗ ಬೇರೆ ತಾಣಗಳು ತಾವಾಗಿಯೇ ಅದರತ್ತ ಕೊಂಡಿಯನ್ನು ಹಾಕುತ್ತವೆ. ಇತರರ ಬರಹವನ್ನು ಮಾತು ಬದಲಿಸಿ ತಿಂಗಳಿಗೆ ಹತ್ತು ಸಲ ಪ್ರಕಟಿಸುವುದಕ್ಕಿಂತ ವರ್ಷಕ್ಕೆ ಇಂಥ ಎರಡು ಪುಟಗಳು ಮೇಲು.

೬

ಇನ್ನು ಎರಡನೆಯ ಪ್ರಶ್ನೆ: ಹಳೆಯದನ್ನು ಏನು ಮಾಡಬೇಕು? ಹಂಚಿನ ಉದ್ಯಮದ ಚರಿತ್ರೆಯನ್ನು ಇಂದು ಬರೆಯುವುದು ಸಾಧ್ಯವಾಗಿರುವುದು ಮಿಶನ್ನಿನ ವರದಿಗಳೂ ಪತ್ರಗಳೂ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ದಾಖಲೆಗಾರದಲ್ಲಿಯೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಉಳಿದಿರುವುದರಿಂದ. ಹೊಸ ಬೆಲೆಪಟ್ಟಿ ಬಂತೆಂದು ಹಳೆಯದನ್ನು ಯಾರೂ ಹುಡುಕಿ ಸುಡಲಿಲ್ಲ. ಇಂದಿನ ಗೇರುಬೀಜದ ಕಾರ್ಖಾನೆಯ, ಮೀನಿನ ರಫ್ತುದಾರನ, ಸಣ್ಣ ಹೋಟೆಲಿನ ವ್ಯವಹಾರವು ನಾಳೆ ಇತಿಹಾಸದ ಆಕರವಾಗಬೇಕಾದರೆ ಅವರ ಜಾಲಪುಟಗಳು ಉಳಿಯಬೇಕು. ‘ಹೊಸದಾಗಿಸು’ ಎಂಬ ಒತ್ತಾಯವು ಬಲಿಯುತ್ತ ಹೋದಂತೆ ಈ ಆಕರಗಳು ಪ್ರತಿದಿನವೂ ಅಳಿಯುತ್ತಿವೆ.

೧೯೯೬ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಜಾಲಪುಟಗಳ ಪ್ರತಿಗಳನ್ನು ತಾರೀಖಿನೊಡನೆ ಕೂಡಿಡುತ್ತ ಬಂದಿದೆ. ೨೦೦೧ರಿಂದ ‘ವೇಬ್ಯಾಕ್ ಮೆಶೀನ್’ ಎಂಬ ಹೆಸರಿನಲ್ಲಿ ಅವನ್ನು ಸಾರ್ವಜನಿಕರ ಮುಂದೆ ತೆರೆದಿಟ್ಟಿದೆ. ಆದರೆ ಅದರ ಸಂಚಾರವು ಎಲ್ಲ ಪುಟಗಳನ್ನೂ ಮುಟ್ಟುವುದಿಲ್ಲ. ವ್ಯಾಪಾರಿಯೇ ಮೂರು ನಿಯಮಗಳನ್ನು ಪಾಲಿಸಿದರೆ ಬಹಳ ಉಪಕಾರವಾದೀತು. ತಿದ್ದುವ ಮುನ್ನ ಹಳೆಯ ಪುಟದ ಒಂದು ಪ್ರತಿಯನ್ನು ತಾರೀಖು ಬರೆದು ಇರಿಸಿಕೊಳ್ಳಬೇಕು. ಪುಟದ ವಿಳಾಸವನ್ನು ಸಾಧ್ಯವಾದಷ್ಟು ಬದಲಿಸಬಾರದು. ಬದಲಿಸಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿಯನ್ನು ಮಾಡಿಕೊಡಬೇಕು. ಮೊದಲು ಬರೆದ ದಿನವನ್ನೂ ಪರಿಶೀಲಿಸಿದ ದಿನವನ್ನೂ ಬೇರೆ ಬೇರೆಯಾಗಿ ಕಾಣಿಸಬೇಕು. ಈ ನಿಯಮಗಳು ಇತಿಹಾಸಕಾರನಿಗೆ ಮಾತ್ರ ಹಿತವೆಂದು ತಿಳಿಯಬೇಕಾಗಿಲ್ಲ. ವಿಳಾಸವು ಸ್ಥಿರವಾಗಿದ್ದರೆ ಹಿಂದೆ ಬಂದ ಕೊಂಡಿಗಳು ವ್ಯರ್ಥವಾಗವು. ತಾರೀಖು ನಿಜವಾಗಿದ್ದರೆ ಶೋಧಯಂತ್ರದ ವಿಶ್ವಾಸವೂ ಉಳಿಯುತ್ತದೆ.

೨೦೨೪ರಿಂದೀಚೆಗೆ ಈ ಎಚ್ಚರವು ಇನ್ನಷ್ಟು ಅಗತ್ಯವಾಗಿದೆ. ಶೋಧಯಂತ್ರಗಳು ಪುಟಗಳ ಪಟ್ಟಿಯ ಮೇಲ್ಭಾಗದಲ್ಲಿ ಕೃತಕ ಬುದ್ಧಿಮತ್ತೆಯಿಂದ ರಚಿತವಾದ ಉತ್ತರವನ್ನೇ ಕೊಡತೊಡಗಿವೆ. ಎಲ್ಲಿಯೋ ಉಳಿದ ಹಳೆಯ ಬೆಲೆಯೋ ಮುಚ್ಚಿದ ಶಾಖೆಯ ವಿಳಾಸವೋ ಇಂಥ ಉತ್ತರದಲ್ಲಿ ಸೇರಿಕೊಂಡರೆ, ಮೂಲಪುಟದ ತಾರೀಖನ್ನು ನೋಡಿ ಅನುಮಾನಿಸುವ ಅವಕಾಶವೂ ಓದುಗನಿಗೆ ಕೈತಪ್ಪಬಹುದು.

೭

ಮೇಲಿನ ವಿವೇಚನೆಯ ಸಾರವಿಷ್ಟು. ಲೋಕದಲ್ಲಿ ವಸ್ತುಸ್ಥಿತಿ ಬದಲಾದಾಗ ಪುಟವು ಬದಲಾಗಬೇಕು; ಬದಲಾಗದಿದ್ದಾಗ ಅದನ್ನು ಹಾಗೆಯೇ ಬಿಡುವುದು ಸೋಮಾರಿತನವಲ್ಲ. ಶ್ರೇಣಿಯ ಮೇಲಿನ ಸ್ಥಾನವನ್ನು ಯಾರೂ ಖಂಡಿತವಾಗಿ ಕೊಡಿಸಲಾರರು. ಓದುಗನ ಪ್ರಶ್ನೆಗೆ ಸರಿಯಾದ, ಸಕಾಲಿಕವಾದ ಉತ್ತರವನ್ನು ಕೊಡುವುದು ಮಾತ್ರ ವ್ಯಾಪಾರಿಯ ಕೈಯಲ್ಲಿದೆ.

ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ನಗರದ ಒಂದೊಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿಯ ಸಂಸ್ಥೆಗಳ ಜಾಲಪುಟಗಳನ್ನು ಮಾಲಿಕರ ಒಪ್ಪಿಗೆ ಪಡೆದು ತಾರೀಖಿನೊಡನೆ ಸಂಗ್ರಹಿಸಿಟ್ಟರೆ, ಹತ್ತು ವರ್ಷಗಳಲ್ಲಿ ಮಂಗಳೂರಿನ ವಾಣಿಜ್ಯ ಚರಿತ್ರೆಗೆ ಒಂದು ಅಮೂಲ್ಯವಾದ ಆಕರಸಾಮಗ್ರಿ ಸಿದ್ಧವಾಗುತ್ತದೆ. ಇದಕ್ಕೆ ಬೇಕಾದುದು ಅಲ್ಪ ವೆಚ್ಚ ಮತ್ತು ಅಧಿಕ ಶ್ರದ್ಧೆ. ಈ ಸೂಚನೆಯನ್ನು ವಿದ್ವಾಂಸರು ಪರಿಶೀಲಿಸಬೇಕಾಗಿ ವಿನಂತಿ.