ಹಿತ್ತಿಲಿಗೆ ಪುಟ್ಟ ಟಿಲ್ಲರ್: ಕೊಳ್ಳುವ ಮೊದಲು ನಾಲ್ಕು ಮಾತು

ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಹಿತ್ತಿಲುಗಳಲ್ಲಿ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ಗಂಡಸರು ಗಲ್ಫಿನಲ್ಲೋ ಬೆಂಗಳೂರಿನ ಅಂಗಡಿಯಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿದವರು ಉಮ್ಮ, ಹೆಂಡತಿ, ಮಕ್ಕಳು. ಕೂಲಿಗೆ ಜನ ಸಿಗುವುದಿಲ್ಲ. ಹಾಗಾಗಿ "ಚಿಕ್ಕ ಟಿಲ್ಲರ್ ಒಂದು ತಗೊಂಡ್ರೆ ಹೇಗೆ ಉಸ್ತಾದ್?" ಎಂದು ಕೇಳುವವರು ಈಗ ಹೆಚ್ಚು. ಮದ್ರಸದವನಿಗೆ ಯಂತ್ರದ ವಿಷಯ ಏನು ಗೊತ್ತು ಅನ್ನಬೇಡಿ. ಬೆಳಗಿನ ಕ್ಲಾಸು ಮುಗಿಸಿ ಹಿತ್ತಿಲಿಗೆ ಇಳಿಯುವವನು ನಾನು.

ಮೊದಲು ನಿಮ್ಮ ಮಣ್ಣು ನೋಡಿ. ಬೈಂದೂರು, ಕುಂದಾಪುರದ ಕಡಲ ಬದಿಯ ಹೊಯ್ಗೆ ಮಣ್ಣಿನಲ್ಲಿ ಪುಟ್ಟ ಟಿಲ್ಲರ್ ಸಲೀಸಾಗಿ ಓಡುತ್ತದೆ. ನೆಲಗಡಲೆ, ಅಲಸಂಡೆ, ಹರಿವೆಗೆ ಸಾಲು ಮಾಡಲು ಒಳ್ಳೆಯದು. ಒಳನಾಡಿನ ಮುರಕಲ್ಲಿನ ಜಾಗದಲ್ಲಿ ಮಾತ್ರ ಹಲ್ಲುಗಳು ಕಲ್ಲಿಗೆ ಬಡಿದು ಯಂತ್ರ ಹಾರುತ್ತದೆ. ಅಲ್ಲಿ ಕಲ್ಲು ಹೆಕ್ಕಿದ ಮೇಲೆಯೇ ಕೆಲಸ.

ಹದವೂ ಮುಖ್ಯ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿ. ಉಂಡೆ ಒಡೆದು ಉದುರಿದರೆ ಸರಿ. ಅಂಟಿಕೊಂಡರೆ ಎರಡು ದಿನ ಕಾಯಿರಿ. ಹಸಿ ಜೇಡಿಯಲ್ಲಿ ಓಡಿಸಿದರೆ ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ.

ಕಳೆ ತೆಗೆಯಲು ಆಳ ಬೇಡ, ಒಂದೆರಡು ಇಂಚು ಸಾಕು. ಕಳೆ ಎಳೆಯದಿರುವಾಗ, ಬೀಜ ಕಟ್ಟುವ ಮೊದಲೇ, ಬಿಸಿಲಿರುವ ದಿನ ಓಡಿಸಿದರೆ ಕಿತ್ತ ಹುಲ್ಲು ಅಲ್ಲೇ ಒಣಗುತ್ತದೆ. ಆದರೆ ಕೊನ್ನಾರಿ ಗಡ್ಡೆ, ಗರಿಕೆ ಇದ್ದಲ್ಲಿ ಹುಷಾರು. ಯಂತ್ರ ಅವನ್ನು ತುಂಡು ಮಾಡಿ ಹಿತ್ತಿಲೆಲ್ಲ ಹರಡುತ್ತದೆ, ಒಂದು ತುಂಡಿಗೆ ಒಂದು ಗಿಡ. ಅದನ್ನು ಗಡ್ಡೆ ಸಮೇತ ಕೈಯಿಂದಲೇ ತೆಗೆಯಬೇಕು. ಅಡಿಕೆ, ತೆಂಗು, ಮಲ್ಲಿಗೆಯ ಬುಡಕ್ಕೂ ಟಿಲ್ಲರ್ ಒಯ್ಯಬೇಡಿ, ಬೇರು ಮೇಲೆಯೇ ಇರುತ್ತದೆ.

ಇನ್ನು ಜೀವದ ಮಾತು. ಕಳೆದ ವರ್ಷ ನನ್ನ ಲುಂಗಿಯ ಅಂಚು ಹಲ್ಲಿಗೆ ಸಿಕ್ಕಿತು. ಹ್ಯಾಂಡಲ್ ಬಿಟ್ಟ ಕೂಡಲೇ ಯಂತ್ರ ನಿಂತದ್ದರಿಂದ ಬಟ್ಟೆ ಹರಿಯಿತು, ಕಾಲು ಉಳಿಯಿತು. ಅಲ್‌ಹಂದುಲಿಲ್ಲಾಹ್. ಲುಂಗಿ, ಶಾಲು, ಉದ್ದ ಕುಪ್ಪಾಯದಲ್ಲಿ ಟಿಲ್ಲರ್ ಮುಟ್ಟಬೇಡಿ. ಪ್ಯಾಂಟು, ಬೂಟು ಹಾಕಿ. ಸುತ್ತಿಕೊಂಡ ಹುಲ್ಲು ಬಿಡಿಸುವಾಗ ಇಂಜಿನ್ ಆಫ್ ಮಾಡಿ, ಪ್ಲಗ್ಗಿನ ವಯರ್ ಕಳಚಿ. ಮಕ್ಕಳು ಮನೆಯೊಳಗೇ ಇರಲಿ.

ಖರೀದಿಯ ಆತುರವೂ ಬೇಡ. ಹತ್ತು ಸೆಂಟ್ಸ್ ಹಿತ್ತಿಲಿಗೆ ವರ್ಷದಲ್ಲಿ ನಾಲ್ಕು ದಿನದ ಕೆಲಸ. ಉಳಿದ ದಿನ ಅದು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ಮಗ ಬೆವರು ಸುರಿಸಿ ಕಳಿಸಿದ ಹಣವೂ ಅದರ ಜೊತೆಗೆ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಸಬ್ಸಿಡಿ ಬೇಕಿದ್ದರೆ ಕೊಳ್ಳುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಪಹಣಿ, ಆಧಾರ್, ಫ್ರೂಟ್ಸ್ ನಂಬರ್ ಇಟ್ಟುಕೊಳ್ಳಿ. ಬೆಳೆಯ ಬಗ್ಗೆ ಕೇಳಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ.

ಇಲ್ಲವೇ ನಾಲ್ಕೈದು ಮನೆ ಸೇರಿ ಒಂದು ಕೊಳ್ಳಿ. ಎರವಲು ತಂದದ್ದು ಅಮಾನತ್ತು. ಹಲ್ಲು ತೊಳೆದು, ಪೆಟ್ರೋಲ್ ತುಂಬಿಸಿ ಹಿಂದಿರುಗಿಸಿದರೆ ನೆರೆಹೊರೆಯೂ ಉಳಿಯುತ್ತದೆ, ಯಂತ್ರವೂ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಈಗ ಸಾಲಿನ ನಡುವೆ ಟಿಲ್ಲರ್, ಮಲ್ಲಿಗೆಯ ಬುಡಕ್ಕೆ ಉಮ್ಮನ ಕತ್ತಿ. ಮೊದಲು ಮೂರು ದಿನ ಕೂತು ಕಳೆ ಕೀಳುತ್ತಿದ್ದ ಉಮ್ಮ ಈಗ ಅರ್ಧ ದಿನದಲ್ಲಿ ಎದ್ದು ಬರುತ್ತಾರೆ. ಸೊಂಟ ನೋವಿನ ಮಾತು ಕಡಿಮೆಯಾಗಿದೆ.