ಸೋದೆಯ ಹೆಬ್ಬಾಗಿಲಲ್ಲಿ

ಕಾರವಾರದಿಂದ ಕಾಳಿ ನದಿಯ ಸೇತುವೆ ದಾಟಿದ ಕೂಡಲೇ ಹೆದ್ದಾರಿ ಒಂದು ಗುಡ್ಡವನ್ನು ಸೀಳಿಕೊಂಡು ಗೋವಾದ ಕಡೆ ಸಾಗುತ್ತದೆ. ಅದು ಸದಾಶಿವಗಡ. ಮೇಲೆ ಹತ್ತಿ ನಿಂತರೆ ಕಾಳಿ ಕಡಲಿಗೆ ಸೇರುವ ಅಳಿವೆ, ಆಚೆ ದೇವಬಾಗ, ನೀರಿನ ನಡುವೆ ಕೂರ್ಮಗಡ. ಸೋದೆಯ ಅರಸ ಬಸವಲಿಂಗ ನಾಯಕ 1715ರ ಹೊತ್ತಿಗೆ ಇಲ್ಲಿನ ಕೋಟೆ ಮುಗಿಸಿ, ತನ್ನ ತಂದೆ ಸದಾಶಿವರಾಯನ ಹೆಸರಿಟ್ಟ. ಇಲ್ಲಿ ಗಾಳಿ ತೆಗೆದುಕೊಳ್ಳಲು ಬರುವವರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ: ಗಡ ನೋಡಿದ ಮೇಲೆ ಇದನ್ನು ಕಟ್ಟಿದವರ ಮನೆಬಾಗಿಲಿಗೂ ಹೋಗಿಬನ್ನಿ. ಆ ಮನೆ ಈಗ ಇಲ್ಲ. ಬಾಗಿಲಿನ ಕಂಬಗಳಿವೆ.

ಆ ಬಾಗಿಲು ಇರುವುದು ಘಟ್ಟದ ಮೇಲೆ, ಶಿರಸಿ ತಾಲೂಕಿನ ಸೋಂದಾದಲ್ಲಿ. ಸೋದೆ, ಸ್ವಾದಿ, ಸೋಂದಾ, ಸುಧಾಪುರ ಎಲ್ಲವೂ ಒಂದೇ ಊರು. ಶಿರಸಿಯಿಂದ ಹೋಗುವುದು ಸುಲಭ. ಆದರೂ ಕಾರವಾರದಿಂದ ಅಂಕೋಲೆಗೆ ಬಂದು, ಅಲ್ಲಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹೋಗುವುದನ್ನೇ ನಾನು ಇಷ್ಟಪಡುತ್ತೇನೆ. ಸೋದೆಯ ಕೋಟೆಯ ಬದಿಯಲ್ಲಿ ಹರಿಯುವ ಶಾಲ್ಮಲೆ ಮುಂದೆ ಬೇಡ್ತಿಯನ್ನು ಕೂಡುತ್ತಾಳೆ. ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗಿ ಅಂಕೋಲೆ ಸೀಮೆಯ ಮಂಜಗುಣಿಯ ಹತ್ತಿರ ಕಡಲು ಸೇರುತ್ತಾಳೆ. ಸೋದೆಯ ನೀರು ಹೀಗೆ ಅಂಕೋಲೆಗೆ ಇಳಿಯುತ್ತದೆ. ಸೋದೆಯ ಕಾಳುಮೆಣಸೂ ಹಿಂದೆ ಘಟ್ಟ ಇಳಿದೇ ಕಡಲಿಗೆ ಬರುತ್ತಿತ್ತು.

ಮೆಣಸಿನ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಆ ಹೆಬ್ಬಾಗಿಲು ನಿಂತದ್ದೇ ಅದರ ಹಣದ ಮೇಲೆ. ವಿಜಯನಗರದ ಕೊನೆಗಾಲದಲ್ಲಿ ಅರಸಪ್ಪ ನಾಯಕನಿಂದ ನೆಲೆಗೊಂಡ ಈ ಮನೆತನ ದೊಡ್ಡ ರಾಜ್ಯವನ್ನೇನೂ ಆಳಲಿಲ್ಲ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಿಜಾಪುರಕ್ಕೆ ಕಪ್ಪ ಕೊಟ್ಟುಕೊಂಡು ಬದುಕಿತು. ಆದರೆ ಅದರ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿತ್ತು, ಕೆಳಗೆ ಕಾರವಾರದಂಥ ಬಂದರಿತ್ತು. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದದ್ದಕ್ಕೆ ಈ ಮೆಣಸು ದೊಡ್ಡ ಕಾರಣ. 1670ರ ದಶಕದಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಇಂಗ್ಲಿಷ್ ವೈದ್ಯ ಜಾನ್ ಫ್ರಾಯರ್ ಸೋದೆಯ ಮೆಣಸಿನ ಹೆಚ್ಚಿನ ಬೆಲೆಯನ್ನು ವಿಶೇಷವಾಗಿ ಗುರುತಿಸಿದ್ದಾನೆ. ವ್ಯಾಪಾರವಿದ್ದಲ್ಲಿ ಜಗಳವೂ ಇರುತ್ತದೆ. ಹಡಗೊಂದರ ವಿಷಯಕ್ಕೆ ಮನಸ್ತಾಪ ಬೆಳೆದು, 1717ರಲ್ಲಿ ಸೋದೆಯ ಸೈನ್ಯ ಕಾರವಾರದ ಕೋಠಿಗೇ ಮುತ್ತಿಗೆ ಹಾಕಿತು. ಬೊಂಬಾಯಿಯಿಂದ ಹಡಗುಗಳು ಬಂದರೂ ಮುತ್ತಿಗೆ ಬೇಗ ಮುರಿಯಲಿಲ್ಲ, ಮರುವರ್ಷ ಒಪ್ಪಂದವಾಯಿತು. ಘಟ್ಟದ ಮೇಲಿನ ಒಬ್ಬ ನಾಯಕ ಕಡಲಿನವರನ್ನು ಅಷ್ಟು ದಿನ ತಡೆದು ನಿಲ್ಲಿಸಿದ್ದನ್ನು ನಮ್ಮ ಪಠ್ಯಪುಸ್ತಕಗಳು ಹೇಳಬೇಕಿತ್ತು.

ಯಲ್ಲಾಪುರ ದಾಟಿದ ಮೇಲೆ ದಾರಿ ಸೊಪ್ಪಿನಬೆಟ್ಟಗಳ ನಡುವೆ ಇಳಿದು ಏರುತ್ತದೆ. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಬೆಟ್ಟ, ನಡುವೆ ಹೆಂಚಿನ ಮನೆ. ಸೋಂದಾಕ್ಕೆ ಬರುವವರಲ್ಲಿ ಹೆಚ್ಚಿನವರು ಮಠಗಳಿಗೆ ಬರುತ್ತಾರೆ. ವಾದಿರಾಜರ ವೃಂದಾವನವಿರುವ ಮಠ, ಸ್ವರ್ಣವಲ್ಲೀ, ಸ್ವಾದಿ ಜೈನ ಮಠ, ಮೂರೂ ಕೂಗಳತೆಯಲ್ಲಲ್ಲದಿದ್ದರೂ ಒಂದೇ ಸೀಮೆಯಲ್ಲಿವೆ. ಅರಸರ ಊರು ಹೋದರೂ ಅವರು ನಡೆದುಕೊಂಡ ಮಠಗಳು ಉಳಿದವು. ಮಠಗಳಿಗೆ ಶಿಷ್ಯರಿದ್ದರು, ವರ್ಷವರ್ಷವೂ ಹೆಂಚು ಹೊದಿಸುವವರಿದ್ದರು. ಅರಮನೆಗೆ ಅಂಥವರು ಯಾರೂ ಉಳಿಯಲಿಲ್ಲ.

ಕೋಟೆಯೊಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬೀಳುವುದು ಮರ. ಗೋಡೆ ಎಲ್ಲಿ ಮುಗಿಯಿತು, ಬೇರು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಬಾಗಿಲಿನ ಕಂಬಗಳ ಮುಂದೆ ನಿಂತರೆ ಮಾತ್ರ ಇದು ಯಾರದೋ ಗಡಿಗೋಡೆಯಲ್ಲ, ರಾಜಧಾನಿಯೊಂದರ ಹೆಬ್ಬಾಗಿಲು ಎಂಬುದು ಮೈಗೆ ತಾಗುತ್ತದೆ. 1883ರ ಬೊಂಬಾಯಿ ಗ್ಯಾಸೆಟಿಯರ್ ಇವುಗಳನ್ನು ಅಳತೆ ಸಹಿತ ದಾಖಲಿಸಿದೆ: ಹದಿನಾಲ್ಕರಿಂದ ಹದಿನಾರು ಅಡಿ ಉದ್ದದ ಒಂದೊಂದೇ ಕಲ್ಲು. ಜೋಡಣೆಯಿಲ್ಲ, ಗಾರೆಯಿಲ್ಲ. ಒಂದು ಕಂಬವನ್ನು ಎಬ್ಬಿಸಿ ನಿಲ್ಲಿಸಲು ಎಷ್ಟು ಹಗ್ಗ, ಎಷ್ಟು ಆನೆ, ಎಷ್ಟು ಜನ ಬೇಕಾದೀತು ಎಂದು ಅಂಗೈಯನ್ನು ಕಲ್ಲಿನ ಮೇಲಿಟ್ಟೇ ಲೆಕ್ಕ ಹಾಕಿದೆ, ಲೆಕ್ಕ ಹತ್ತಲಿಲ್ಲ.

ಕಂಬ ಉಳಿದು ಅರಮನೆ ಹೋಗಿದ್ದು ಹೇಗೆ? ಮಲೆನಾಡಿನ ಹಳೆಯ ಮನೆಗಳನ್ನು ಬಲ್ಲವರಿಗೆ ಇದು ಒಗಟಲ್ಲ. ಇಲ್ಲಿ ಅಡಿಪಾಯ ಕಲ್ಲಿನದು, ಮೇಲಿನದೆಲ್ಲ ಮಣ್ಣು ಮತ್ತು ಮರ: ಕಂಬ, ತೊಲೆ, ಮುಚ್ಚಿಗೆ. ಮಾಡು ಸೋರಿದ ಮೊದಲ ಮಳೆಗಾಲದಲ್ಲೇ ತೊಲೆ ಕುಂಬಾಗತೊಡಗುತ್ತದೆ, ಗೋಡೆ ನೆನೆದು ಕುಸಿಯುತ್ತದೆ. ಗೆದ್ದಲು ಉಳಿದದ್ದನ್ನು ಮುಗಿಸುತ್ತದೆ. ಕೈಗೆ ಸಿಗುವ ಕಲ್ಲನ್ನು ಊರವರು ಬಾವಿಗೆ, ಕಟ್ಟೆಗೆ ಒಯ್ಯುತ್ತಾರೆ. ಹದಿನಾರು ಅಡಿಯ ಕಲ್ಲನ್ನು ಒಯ್ಯುವುದು ಯಾರಿಂದಾದೀತು?

ಒಳಗೆ ಇನ್ನೊಂದಿದೆ, ನನ್ನ ಮಟ್ಟಿಗೆ ಬಾಗಿಲಿಗಿಂತ ದೊಡ್ಡ ಸೋಜಿಗ. ಹನ್ನೆರಡು ಅಡಿ ಚೌಕದ, ಅರ್ಧ ಅಡಿ ದಪ್ಪದ ಒಂದೇ ಕರಿಕಲ್ಲಿನ ಹಾಸು, ಮೂರು ಅಡಿ ಎತ್ತರದ ಕೆತ್ತನೆಯ ಐದು ಕಂಬಗಳ ಮೇಲೆ. ಅರಸರ ಸಿಂಹಾಸನ ಇದೇ ಎಂದು ಜನ ನಂಬಿದ್ದಾರೆ. ಗ್ಯಾಸೆಟಿಯರ್ ಬರೆದವನ ಕಾಲಕ್ಕೇ ಅರಮನೆಯ ಕುರುಹಾಗಿ ಇದೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಹಾಸು ಎಷ್ಟು ಸಮವಾಗಿದೆ ಎಂದರೆ ಮಳೆ ನೀರು ಯಾವ ಕಡೆಗೂ ವಾಲದೆ ನಿಲ್ಲಬೇಕು. ಇಂಥ ಕೈಕೆಲಸ ಬಲ್ಲ ಕಲ್ಲುಕುಟಿಗರನ್ನು ಸಾಕಿದ ಊರು ಸಣ್ಣದಾಗಿರಲಿಲ್ಲ. ಮೂರು ಸುತ್ತಿನ ಕೋಟೆ ಇತ್ತೆಂದು ಹೇಳಿಕೆಯಿದೆ. 1801ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಆ ಊರಿನ ಬಹುಪಾಲು ಹಾಳುಬಿದ್ದಿತ್ತು.

ಹಾಳಾದದ್ದು ಒಂದೇ ಪೆಟ್ಟಿಗಲ್ಲ. ಪೋರ್ಚುಗೀಸರು 1752ರಲ್ಲೇ ಸದಾಶಿವಗಡ ಹಿಡಿದಿದ್ದರು. 1763ರಲ್ಲಿ ಹೈದರಲಿ ಬಿದನೂರು ಗೆದ್ದ. ಅದೇ ಬಿರುಸಿನಲ್ಲಿ ಅವನ ಸೇನಾನಿ ಫಜಲುಲ್ಲಾ ಖಾನ್ ಸೋದೆಯ ಮೇಲೆ ಬಂದ. ಆಗಿನ ಅರಸ ಇಮ್ಮಡಿ ಸದಾಶಿವ ಘಟ್ಟ ಇಳಿದು ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ, ಕಾಣಕೋಣ ಮುಂತಾದ ಅವನ ಸೀಮೆಗಳು ಪೋರ್ಚುಗೀಸರ ಕೈಸೇರಿದವು. 1791ರಲ್ಲಿ ಆ ಹಸ್ತಾಂತರ ಒಪ್ಪಂದದ ಬರಹಕ್ಕೂ ಬಂತು. ಅರಸು ಮನೆತನ ಫೋಂಡಾ ಹತ್ತಿರದ ಬಾಂದೋಡೆಯಲ್ಲಿ ನೆಲೆಸಿತು. ಕಾರವಾರದವರು ಬಾಂದೋಡೆಯ ನಾಗೇಶಿಗೆ ದೇವರ ದರ್ಶನಕ್ಕೆ ಹೋಗುವುದುಂಟು. ಸೋದೆಯ ಅರಸರ ಎರಡನೆಯ ಮನೆ ಇದ್ದದ್ದು ಅದೇ ಊರಿನಲ್ಲಿ.

ಗೋವಾಕ್ಕೆ ಹೋದವರು ಹಳೆ ಗೋವಾದಲ್ಲಿ ಇಂಥದೇ ಇನ್ನೊಂದು ಬಾಗಿಲನ್ನೂ ನೋಡಬಹುದು. ಬಿಜಾಪುರದ ಆದಿಲ್‌ಶಾಹನ ಅರಮನೆಯದು ಅದು, ಕರಿಕಲ್ಲಿನದು. ಅರಮನೆಯನ್ನು ಪೋರ್ಚುಗೀಸ್ ವೈಸರಾಯ್‌ಗಳು ಬಳಸಿ, ಬಿಟ್ಟು, 1820ರಲ್ಲಿ ಕೆಡವಿಸಿದರು, ಬಾಗಿಲಷ್ಟೇ ನಿಂತಿತು. ಸೋದೆ ಕಪ್ಪ ಕೊಟ್ಟದ್ದು ಈ ಆದಿಲ್‌ಶಾಹಿಗೇ. ಆ ಬಾಗಿಲು ಪ್ರವಾಸಿಗರ ದಾರಿಯಲ್ಲೇ ಇದೆ, ಸೋದೆಯದಕ್ಕೆ ಹುಡುಕಿಕೊಂಡು ಬರಬೇಕು.

ಸೋದೆಯ ಗೋಡೆಗಳಿಗೆ ಈಗಿರುವ ಶತ್ರು ಬೇರು. ಇದಕ್ಕೆ ಕೊಡಲಿ ಹಿಡಿದು ಹೊರಟರೂ ಕೆಡುಕೇ. ಕಾಂಡ ಕಡಿದರೆ ಬೇರು ಒಳಗೇ ಕೊಳೆತು ಟೊಳ್ಳಾಗಿ, ಅದು ಹಿಡಿದುಕೊಂಡಿದ್ದ ಕಲ್ಲೂ ಸಡಿಲವಾಗುತ್ತದೆ. ಸಸಿ ಎಳೆಯದಾಗಿದ್ದಾಗಲೇ ಪ್ರತಿವರ್ಷ ಕೀಳಬೇಕು, ಸಂದಿಗಳನ್ನು ಸುಣ್ಣದ ಗಾರೆಯಿಂದ ತುಂಬಬೇಕು, ಸಿಮೆಂಟಿನಿಂದಲ್ಲ. ದೊಡ್ಡ ಹಣ ಬೇಡುವ ಕೆಲಸವಲ್ಲ ಇದು, ತಪ್ಪದೆ ಮಾಡುವವರು ಬೇಕು. ಮಠಗಳಿಗೆ ಸಿಕ್ಕ ಆ ವರ್ಷವರ್ಷದ ಆರೈಕೆಯ ಕಾಲುಭಾಗ ಸಿಕ್ಕರೂ ಈ ಕಲ್ಲುಗಳಿಗೆ ಸಾಕು.

ಹೋಗುವವರು ಮಳೆಗಾಲ ಬಿಟ್ಟು ಹೋಗಿ. ಪಾಚಿಗಟ್ಟಿದ ಚಿರೆಕಲ್ಲು ಜಾರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಬೇಸಿಗೆ ಏರಿ ಶಾಲ್ಮಲೆಯ ನೀರು ಇಳಿದ ಮೇಲೆ ಹತ್ತಿರದ ಸಹಸ್ರಲಿಂಗದಲ್ಲಿ ಹೊಳೆಯ ಬಂಡೆಗಳ ಮೇಲಿನ ಲಿಂಗಗಳು ಚೆನ್ನಾಗಿ ಕಾಣುತ್ತವೆ; ಅವನ್ನು ಕೆತ್ತಿಸಿದವರೂ ಸೋದೆಯ ಅರಸರೇ. ಕಾರವಾರದಿಂದ ಬೆಳಗ್ಗೆ ಬೇಗ ಹೊರಟರೆ ಗಡ, ಘಟ್ಟ, ಬಾಗಿಲು, ಹೊಳೆ ಎಲ್ಲವೂ ಒಂದೇ ದಿನದಲ್ಲಿ ಆಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಕಂಬದ ಪಕ್ಕ ನಿಲ್ಲಿಸಿ, ಎತ್ತರವನ್ನು ಅವರೇ ಅಳೆಯಲಿ.