ಒಸಡಿನ ಬೇನೆಯೂ ಮೂತ್ರಪಿಂಡಗಳೂ

ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಕೆಂಪಾದರೆ ಅದನ್ನು ರೋಗವೆಂದು ಎಣಿಸುವವರು ನಮ್ಮಲ್ಲಿ ವಿರಳ. ಉಷ್ಣವಾಗಿದೆಯೆಂದು ಎಳನೀರು ಕುಡಿದು ಸುಮ್ಮನಾಗುವವರೇ ಹೆಚ್ಚು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅಡಿಕೆಯ ಸೀಮೆಯಲ್ಲಿ ತಾಂಬೂಲದ ಕೆಂಪಿನೊಳಗೆ ರಕ್ತದ ಕೆಂಪು ಗೊತ್ತಾಗುವುದೇ ಕಷ್ಟ. ಜಗಳೂರಿನ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡು ಹಲ್ಲಿಗೆ ಕಲೆ ಹಿಡಿಸುವುದರಿಂದ, ಬಾಯಿಯ ದೋಷವೆಲ್ಲವೂ ನೀರಿನದೆಂದು ತಿಳಿಯುವ ಸಂಭವವುಂಟು. ಆದರೆ ಕಲೆ ಬೇರೆ, ಒಸಡಿನ ರೋಗ ಬೇರೆ.

ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳು ಪೊರೆಗಟ್ಟುವುವು. ಪ್ರತಿದಿನವೂ ತೆಗೆಯದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗಿ, ಒಸಡು ಬಾತು, ಒಳಗಿನ ಎಲುಬೂ ಸವೆಯುವುದು. ನೋವು ಕಡಿಮೆಯಾದುದರಿಂದ ವರ್ಷಗಟ್ಟಲೆ ತಿಳಿಯದು. ಅಲ್ಲಿಂದ ಸೂಕ್ಷ್ಮಜೀವಿಗಳೂ ಉರಿಯೂತದ ದ್ರವ್ಯಗಳೂ ರಕ್ತವನ್ನು ಸೇರುವುವು. ಆ ರಕ್ತವನ್ನೆಲ್ಲ ಸೋಸತಕ್ಕವು ಮೂತ್ರಪಿಂಡಗಳು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಜರಡಿಗಳಿದ್ದು, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುವುವು.

ಬರ್ಮಿಂಗ್‌ಹ್ಯಾಮಿನ ವಿದ್ವಾಂಸರು ಅಮೆರಿಕದ ಜನರ ಆರೋಗ್ಯದ ಲೆಕ್ಕಗಳನ್ನು ಪರಿಶೀಲಿಸಿ 2016ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ದೀರ್ಘಕಾಲದ ಮೂತ್ರಪಿಂಡ ರೋಗಿಗಳು 10 ವರ್ಷಗಳೊಳಗೆ ಮರಣ ಹೊಂದುವ ಸಂಭವವು ನೂರಕ್ಕೆ 32 ಇದ್ದರೆ, ಒಸಡಿನ ರೋಗವೂ ಕೂಡಿದಾಗ ಅದು 41ಕ್ಕೆ ಏರಿತ್ತು. ಇದರಿಂದ ಒಂದು ಮತ್ತೊಂದಕ್ಕೆ ಕಾರಣವೆಂದು ಸಿದ್ಧವಾಗದು. ಜೊತೆಗೂಡಿ ಬರುವುವೆಂದಷ್ಟೇ ಸ್ಪಷ್ಟ. ಎರಡನ್ನೂ ಬಿಗಿಯುವ ಹಗ್ಗ ಮಧುಮೇಹ. ಅದು ಒಸಡನ್ನೂ ಕೆಡಿಸುವುದು, ಮೂತ್ರಪಿಂಡವನ್ನೂ ಕೆಡಿಸುವುದು. ಕೆಟ್ಟ ಒಸಡು ತಿರುಗಿ ರಕ್ತದ ಸಕ್ಕರೆಯನ್ನು ಏರಿಸುವುದು. ಒಸಡಿಗೆ ಚಿಕಿತ್ಸೆಯಾದಾಗ ಸಕ್ಕರೆ ತುಸು ಇಳಿಯುವುದು ಕಂಡುಬಂದಿದೆ.

ಹಾಗೆಂದು ಹಲ್ಲುಗಳನ್ನೆಲ್ಲ ಕೀಳಿಸಬೇಕೆಂದಲ್ಲ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಬಾಯಿಯ ಕೊಳೆಯನ್ನು ಅನೇಕ ರೋಗಗಳ ಮೂಲವೆಂದು ಸಾರಿದ ಮೇಲೆ, ಕೆಲವು ದಶಕಗಳ ಕಾಲ ಪಶ್ಚಿಮದೇಶಗಳಲ್ಲಿ ಅಸಂಖ್ಯ ಹಲ್ಲುಗಳು ನಿಷ್ಕಾರಣವಾಗಿ ಕೀಳಲ್ಪಟ್ಟವು. ಆ ಅತಿರೇಕವು ನಮಗೆ ಬೇಡ.

ಇದಕ್ಕಿಂತ ನೇರವಾದ ಅಪಾಯವೊಂದು ನಮ್ಮ ಮನೆಗಳಲ್ಲಿಯೇ ಇದೆ. ಹಲ್ಲುನೋವೆಂದೊಡನೆ ಅಂಗಡಿಯಿಂದ ನೋವಿನ ಮಾತ್ರೆ ತಂದು, ದಿನಗಟ್ಟಲೆ ನುಂಗುವುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸಬಲ್ಲವು. ವೃದ್ಧರಿಗೂ ಮಧುಮೇಹಿಗಳಿಗೂ ಇದು ಹೆಚ್ಚಿನ ಕೇಡು. ಬಾಯಿಯ ರೋಗವು ಹೀಗೆ ಮಾತ್ರೆಯ ಮಾರ್ಗವಾಗಿ ಮೂತ್ರಪಿಂಡವನ್ನು ಮುಟ್ಟುವುದು. ಇದನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ.

ಮಾಡತಕ್ಕದ್ದು ಇಷ್ಟೇ. ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜಬೇಕು. ಹೊಗೆಸೊಪ್ಪನ್ನೂ ಅಡಿಕೆ ಜಗಿಯುವುದನ್ನೂ ಬಿಡಬೇಕು. ಅಡಿಕೆ ಬೆಳೆಯುವವರಿಗೆ ಈ ಮಾತು ಕಹಿಯಾದರೂ ಸತ್ಯ. ಹಲ್ಲಿನ ಕಿಟ್ಟವನ್ನು ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಜಿಲ್ಲೆಯ ಮುಖ್ಯಪಟ್ಟಣವಾದ ದಾವಣಗೆರೆಯಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ. ಮದುವೆಗೋ ಜವಳಿಗೋ ಅಲ್ಲಿಗೆ ಹೋದಾಗ ಒಂದು ಗಳಿಗೆ ಒಸಡನ್ನೂ ತೋರಿಸಬಹುದು. ಮಧುಮೇಹಿಗಳೂ ರಕ್ತದೊತ್ತಡದವರೂ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನೈನನ್ನೂ ಮೂತ್ರದ ಆಲ್ಬುಮಿನನ್ನೂ ಪರೀಕ್ಷಿಸಿಕೊಳ್ಳಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹಲ್ಲು ಕೀಳಿಸುವ ಮೊದಲು ಅದನ್ನು ದಂತವೈದ್ಯರಿಗೆ ತಿಳಿಸಲೇಬೇಕು; ಆ ಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುವುದು ವಾಡಿಕೆ.

ವಾರಕ್ಕೆರಡು ಮೂರು ಸಲ, ನಾಲ್ಕು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗುವ ಬಾಳಿನ ಮುಂದೆ ದಿನಕ್ಕೆ ನಾಲ್ಕು ನಿಮಿಷದ ದಂತಶುದ್ಧಿಯು ದೊಡ್ಡ ಶ್ರಮವಲ್ಲ. ನಾಳೆ ಬೆಳಗ್ಗೆ ಮುಕ್ಕಳಿಸಿದ ನೀರಿನ ಬಣ್ಣವನ್ನು ವಾಚಕರು ಒಮ್ಮೆ ನೋಡಿಕೊಳ್ಳಲೆಂದು ಪ್ರಾರ್ಥಿಸುತ್ತೇವೆ.